ಪಾಂಡುವನ್ನು ಕೊಟ್ಟು ಯೋಗೇಶನನ್ನು ತಂದದ್ದು

೧೨ ಜನವರಿ, ಭಾನುವಾರ. ಹೊನ್ನಾವರ.

ಮೂಳೆ ಮುರಿದ ಆ ಸದ್ದು ಇನ್ನೂ ಕಿವಿಯಲ್ಲೇ ಇದೆ. ಈ ಸಲ ಕಪ್ ಗೆಲ್ಲಲೇಬೇಕೆಂದು ಕೋಚ್ ಆದ ನಾನು ನಮ್ಮ ಹೊನ್ನಾವರ ತಂಡದ ಹಳೆಯ ಕ್ಯಾಚರ್ ಪಾಂಡುವನ್ನು ಕುಮಟಾ ಕಬಡ್ಡಿ ತಂಡಕ್ಕೆ ಕೊಟ್ಟು, ಅವರ ಸ್ಟಾರ್ ರೇಡರ್ ಯೋಗೇಶನನ್ನು ತಂದೆ. ಜಾಣ ವ್ಯಾಪಾರ ಅಂತ ಹೇಳಿಕೊಂಡು ತಿರುಗಿದವನೂ ನಾನೇ.

ಇಂದು ಸೆಮಿಫೈನಲ್‌ನಲ್ಲಿ ಎದುರಿಗೆ ಕುಮಟಾದವರೇ. ಮೊದಲ ರೇಡಿನಲ್ಲೇ ಪಾಂಡು ಯೋಗೇಶನ ಪಾದ ಹಿಡಿದು ತಿರುಚಿದ. ಸೀಟಿ ಊದಿದರೂ ಬಿಡಲಿಲ್ಲ. ಮೂಳೆ ಚರ್ಮ ಹರಿದು ಹೊರಬಂತು.

ನಾನು ಒಳನುಗ್ಗಿ ಪಾಂಡುವಿನ ಕೆನ್ನೆಗೆ ಬಾರಿಸಿದೆ. ಅವನು ತುಟಿಯ ರಕ್ತ ಒರೆಸಿಕೊಂಡ.

"ಎಂತಕ್ಕೆ ಸಿಟ್ಟು ನಾಯ್ಕ್ರೆ? ಈ ಹಿಡ್ತ ಕಲ್ಸಿದ್ದು ನೀವೇ ಅಲ್ದಾ?"

ಆಸ್ಪತ್ರೆಯಲ್ಲಿ ಯೋಗೇಶ ನನ್ನ ಕೈ ಬಿಡದೆ ಅತ್ತ. ಇನ್ನು ಅವನು ಆಡಲಾರ. ನಾನು ಅವನ ತಲೆ ಸವರುತ್ತ, ಪಾಂಡುವನ್ನು ವಾಪಸು ತರಲು ಯಾರನ್ನು ಕೊಡಬಹುದು ಎಂದು ಯೋಚಿಸುತ್ತಿದ್ದೆ. ನಮ್ಮ ಇನ್ನೊಬ್ಬ ರೇಡರ್ ಪ್ರವೀಣನನ್ನು ಕೊಟ್ಟರೆ—