ಅಡುಗೆಮನೆ ಮುಟ್ಟದ ಆಂಪ್ಲಿಫೈಯರ್

ಗದಗ, ಫೆಬ್ರುವರಿ ೩೦, ೨೧೮೭

ಇಂದು ಅಂಗಡಿಯಲ್ಲಿ ನಿಂತು ವಾಲ್ವ್ ಆಂಪ್ಲಿಫೈಯರ್ ಆರಿಸುತ್ತಿರುವ ಹಿರಿಯರಿಗೆ, ನಿಮಗಿನ್ನೂ ಹುಟ್ಟದ ಗುರುಬಸವ್ವಳ ಶರಣು.

ತಾರೀಖು ನೋಡಿ ಕೈತಪ್ಪೆಂದುಕೊಳ್ಳಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳನ್ನು ಆಷಾಢದ ಗಾಳಿಗೆ ಬಿಟ್ಟುಕೊಟ್ಟಿದ್ದೇವೆ. ಅವಕ್ಕೆ ಹೆಸರೂ ಇಲ್ಲ, ಆಗ ವ್ಯಾಪಾರವೂ ಇಲ್ಲ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮೆ ಇರಲಿ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ರಸೀದಿಗಳನ್ನು ಓದಿ ಕಲಿತವಳು.

ನಾನು ರೆಕ್ಕೆಮನೆಗಳ ವ್ಯಾಪಾರಿ. ಕಪ್ಪತಗುಡ್ಡದ ಗಾಳಿಯಂತ್ರಗಳು ಮುದಿಯಾಗಿ ಕೆಳಗಿಳಿದಾಗ ಅವುಗಳ ರೆಕ್ಕೆಗಳು ಸುಡಲೂ ಆಗದೆ, ಹೂಳಲೂ ಆಗದೆ ಗುಡ್ಡದ ಬುಡದಲ್ಲಿ ಬಿದ್ದಿದ್ದವು. ಅವನ್ನು ಕೊಯ್ದು ಚಾವಣಿ ಮಾಡಬಹುದೆಂದು ಈ ಊರಿನಲ್ಲಿ ಮೊದಲು ಹೇಳಿದವಳು ನಾನೇ. ಆಗ ನಕ್ಕವರೆಲ್ಲ ಈಗ ನನ್ನ ರೆಕ್ಕೆಗಳ ಕೆಳಗೇ ಮಲಗುತ್ತಾರೆ. ಬೇಸಿಗೆಯಲ್ಲಿ ತಂಪಾಗಿರುತ್ತದೆಂದು ಅವರೇ ಬೇರೆಯವರಿಗೆ ಹೇಳುತ್ತಾರೆ. ನಾನು ಜಾಹೀರಾತಿಗೆ ಖರ್ಚು ಮಾಡಿದವಳಲ್ಲ.

ಇನ್ನು ಕಿವಿಬೀಜದ ಸಂಗತಿ. ಗೋಧಿ ಕಾಳಿನಷ್ಟು ಚಿಕ್ಕದು, ಕಿವಿಯೊಳಗೆ ಕೂರುತ್ತದೆ; ಬೇಕಾದ ಹಾಡನ್ನು ಬೇಕಾದಷ್ಟು ದನಿಯಲ್ಲಿ, ಹಾಕಿಕೊಂಡವರಿಗೆ ಮಾತ್ರ ಕೇಳಿಸುತ್ತದೆ. ಮಧ್ಯಾಹ್ನದ ಊಟವಾದ ಮೇಲೆ ನಮ್ಮ ಮನೆಯ ಪಡಸಾಲೆ ನೋಡಬೇಕಿತ್ತು. ಒಬ್ಬರು ನಗುತ್ತಾರೆ, ಒಬ್ಬರು ಕಣ್ಣೊರೆಸಿಕೊಳ್ಳುತ್ತಾರೆ, ಒಬ್ಬರು ತಲೆದೂಗುತ್ತಾರೆ. ಸದ್ದು ಮಾತ್ರ ಇಲ್ಲ. ನನ್ನ ಯಜಮಾನರು ಮುರಿಗೆಪ್ಪ ತಬಲಾ ಕಟ್ಟುವವರು. ಅವರ ಕಿವಿಗೆ ಬೀಜ ಹಿಡಿಯಲಿಲ್ಲ, ಹಾಕಿದಾಗಲೆಲ್ಲ ಕೀವಾಯಿತು. ಊರಿಗೆಲ್ಲ ತಾಳ ಒದಗಿಸಿದವರು ತಮ್ಮ ಪಡಸಾಲೆಯಲ್ಲೇ ಪರವೂರಿನವರ ಹಾಗೆ ಕೂತಿರುತ್ತಿದ್ದರು. ಕಳೆದ ವರ್ಷ ಒಂದು ದಿನ ಹೇಳಿದರು:

"ಯುಗಾದಿ ಆದ ಮ್ಯಾಲ ನಾ ಬೆಟಗೇರಿ ತಬಲಾ ಕಾರ್ಖಾನೇದಾಗ ಇರ್ತೀನಿ. ಅಲ್ಲಿ ಏನರ ಕೇಳಸ್ತೈತಿ."

ಸಿಟ್ಟಿನಿಂದ ಹೇಳಿದ್ದರೆ ಜಗಳವಾಡಿ ಗೆಲ್ಲುತ್ತಿದ್ದೆ. ಅವರು ಸಮಾಧಾನದಿಂದ ಹೇಳಿದರು, ಅದಕ್ಕೇ ಹೆದರಿದೆ. ಮರುದಿನವೇ ಹಳೆಯ ಸಾಮಾನಿನ ರಾಜೇಸಾಬನಿಗೆ ಹೇಳಿಕಳಿಸಿದೆ: ಗಾಳಿಯಲ್ಲಿ ಹಾಡುವ ಪೆಟ್ಟಿಗೆ ಬೇಕು, ಎಲ್ಲವೂ ಒಂದರಲ್ಲೇ ಇರಬೇಕು, ತಂತಿಯ ಗೋಜಲು ಬೇಡ.

ನಮ್ಮಲ್ಲಿ ದೊಡ್ಡ ವ್ಯಾಪಾರವೆಲ್ಲ 'ಉಂಡು ಮುಗಿಸುವ' ಪದ್ಧತಿಯದು. ಮಾರುವವನು ಸಾಮಾನನ್ನು ಮನೆಗೇ ತಂದು, ಮನೆಯವರ ಜೊತೆ ಊಟ ಮಾಡಿ, ಅವರೆದುರು ನಡೆಸಿ ತೋರಿಸಬೇಕು. ಮಾತು ಮುಗಿಯುವುದು ಆಮೇಲೆ. ರಾಜೇಸಾಬ ಮೂರು ಪೆಟ್ಟಿಗೆ ಹೊತ್ತು ತಂದ. ಒಂದರ ಗಾಜಿನ ವಾಲ್ವುಗಳು ನಿಗಿನಿಗಿ ಕೆಂಪು. ಮಗಳು ತರಂಗಿ ಅದರ ಮುಂದೆಯೇ ಕೂತುಬಿಟ್ಟಳು. ನಾನು ಊಟ ಮುಗಿದ ಮೇಲೆ ವಾಲ್ವಿನ ಹತ್ತಿರ ಅಂಗೈ ಹಿಡಿದೆ. ಉರಿಯುವ ವಾಲ್ವು ಕೈ ಸುಡಬೇಕು, ಇದು ತಣ್ಣಗಿತ್ತು. ಬುಡದಲ್ಲಿ ಸಣ್ಣ ದೀಪ ಹಚ್ಚಿಟ್ಟಿದ್ದರು.

"ಇದು ಬರೇ ಕಂದೀಲ ಐತಲ್ಲೋ ರಾಜೇಸಾಬ."

"ನೋಡಾವರಿಗೆ ಒಂದು, ಕೇಳಾವರಿಗೆ ಒಂದು ಇಟ್ಟೀನ್ರಿ ಅಕ್ಕಾರ. ನೀವು ಯಾವ ಪೈಕಿ ಅಂತ ನನಗೇನು ಗೊತ್ತು?"

ಉಳಿದೆರಡನ್ನು ಎತ್ತಿ ನೋಡಿದೆ. ಎರಡೂ ತೂಕದವೇ, ಟ್ರಾನ್ಸ್‌ಫಾರ್ಮರಿನಲ್ಲಿ ತಾಮ್ರ ಕದ್ದಿಲ್ಲವೆಂದು ನನ್ನ ಸೊಂಟವೇ ಹೇಳಿತು. ಹಾಡು ಹಚ್ಚದೆ ಸ್ಪೀಕರಿಗೆ ಕಿವಿಯಿಟ್ಟೆ, ಗುಂಯ್ ಎನ್ನಲಿಲ್ಲ. ಒಂದು ದೊಡ್ಡದು, ವಾಟ್ ಬಹಳ. ಇನ್ನೊಂದು ಸಣ್ಣದು, ವಾಟ್ ಹೇಳಲು ರಾಜೇಸಾಬನೇ ನಾಚಿಕೊಂಡ. ಎಲ್ಲರೂ ಕಿವಿಬೀಜ ತೆಗೆದು ಬಟ್ಟಲಿಗೆ ಹಾಕಿದೆವು. ತರಂಗಿಯ ಗಂಡ, ನಮ್ಮ ಅಳಿಯ, ಅವನ ಮುಖ ಹಲ್ಲು ಕೀಳಿಸಿಕೊಂಡವನ ಮುಖದಂತಾಗಿತ್ತು.

ಮೊದಲು ರಾಜೇಸಾಬ ಸಣ್ಣದರಲ್ಲಿ ಭೀಮಪಲಾಸಿ ರಾಗದ ಒಂದು ಹಾಡಿನ ತಟ್ಟೆ ಹಚ್ಚಿದ. ತರಂಗಿ ನೀರು ತರಲು ಎದ್ದುಹೋದವಳು ಬರಿಗೈಯಲ್ಲೇ ಓಡಿ ಬಂದಳು.

"ಯವ್ವಾ, ಇದು ಕೆಟ್ಟೈತಿ. ನಾ ಅಡಗಿಮನಿಗೆ ಹೋದ್ರ ಹಾಡು ನನ್ನ ಕೂಡ ಬರಲೇ ಇಲ್ಲ."

ಹುಟ್ಟಿದಂದಿನಿಂದ ತಲೆಯೊಳಗೇ ಹಾಡು ಹೊತ್ತು ತಿರುಗಿದ ಹುಡುಗಿ, ಅವಳದೇನು ತಪ್ಪು? ಆದರೆ ಮುರಿಗೆಪ್ಪ ನಕ್ಕರು. ಎಷ್ಟೋ ತಿಂಗಳ ಮೇಲೆ ಕೇಳಿದ ನಗು.

"ಅದ್ಯಾಕ ಬರ್ತೈತಿ ಮಗಳ? ಅದು ಇಲ್ಲೇ ಕುಂತೈತಿ. ಬೇಕಾದ್ರ ನೀ ಬಾ."

ಅವಳು ಬಂದು ಅಪ್ಪನ ಪಕ್ಕ ಕೂತಳು. ಅವರು ಬೆರಳೆತ್ತಿದರು.

"ಈಗ ಕೇಳು. ತಬಲಾದ ಶ್ರುತಿ ಒಂದು ಎಳಿ ಏರೈತಿ."

"ಎಲ್ಲಿ ಅಪ್ಪಾ?"

"ಈಗ… ಇಲ್ಲಿ."

"ಹೌದಲ್ಲ," ಎಂದಳು. ಒಂದೇ ಪೆಟ್ಟು ಇಬ್ಬರಿಗೂ ಒಂದೇ ಕ್ಷಣಕ್ಕೆ ಕೇಳಿಸಿದ್ದು ನಮ್ಮ ಮನೆಯಲ್ಲಿ ಅದೇ ಮೊದಲು.

ಆಮೇಲೆ ರಾಜೇಸಾಬ ದೊಡ್ಡದನ್ನು ಹಚ್ಚಿದ. ಅದರ ಗತ್ತೇ ಬೇರೆ. ಅಡುಗೆಮನೆ ಮುಟ್ಟಿತು, ಮಾಳಿಗೆ ಮುಟ್ಟಿತು. ತರಂಗಿ ಖುಷಿಯಿಂದ ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದಳು. ಅಳಿಯ ಮಾಳಿಗೆ ಹತ್ತಿದ. ಪಡಸಾಲೆಯ ಚಾಪೆಯ ಮೇಲೆ ಉಳಿದವರು ಮುರಿಗೆಪ್ಪ ಒಬ್ಬರೇ. ಎತ್ತಿದ ಬೆರಳನ್ನು ಯಾರಿಗೂ ತೋರಿಸಲಾಗದೆ ಮಡಿಲಿಗೆ ಇಳಿಸಿದರು.

"ಲೆಕ್ಕ ಹಾಕ್ರಿ ಅಕ್ಕಾರ, ಇದರಾಗೇ ಲಾಭ ಐತಿ," ಎಂದ ರಾಜೇಸಾಬ.

ಲೆಕ್ಕ ನನಗೇ ಹೇಳಿಕೊಡುತ್ತಾನೆ! "ಸಣ್ಣದು ಇಟ್ಟು ಹೋಗು," ಎಂದೆ.

"ಯಾಕ್ರಿ, ದೊಡ್ಡದರಾಗ ಏನು ಊನ ಐತಿ?"

"ಊನ ಇಲ್ಲ. ಎಲ್ಲಾ ಕಡೆ ಮುಟ್ತೈತಿ, ಅದಕ್ಕ ಬ್ಯಾಡ."

ನನ್ನ ಜೀವನದ ವ್ಯಾಪಾರಗಳಲ್ಲಿ ಇದರ ಮುಂದೆ ಯಾವುದೂ ನಿಲ್ಲುವುದಿಲ್ಲ, ಆ ರೆಕ್ಕೆಗಳೂ ಕೂಡ. ಯುಗಾದಿ ಬಂತು, ಹೋಯಿತು. ಯಜಮಾನರು ಬೆಳಿಗ್ಗೆ ಬೆಟಗೇರಿಗೆ ಹೋಗುತ್ತಾರೆ, ಊಟದ ಹೊತ್ತಿಗೆ ಮನೆಯಲ್ಲಿರುತ್ತಾರೆ. ಹಾಡು ಕೇಳಬೇಕೆಂದವರು ಚಾಪೆಗೆ ಬರಬೇಕು, ಬಂದವರು ಹತ್ತಿರ ಹತ್ತಿರ ಕೂರಬೇಕು. ದನಿ ಏರಿಸುವ ಗುಂಡಿಗಾಗಿ ನಮ್ಮಲ್ಲಿ ಈಗ ದಿನವೂ ಜಗಳ. ಓಣಿಯವರೂ ಜಗಳವಾಡಲು ಬರುತ್ತಾರೆ. ನಾನು ಗೋಡೆಗೊರಗಿ, ಒಡತಿಯ ಗತ್ತಿನಲ್ಲಿ ನೋಡುತ್ತಿರುತ್ತೇನೆ.

ಇಷ್ಟೆಲ್ಲ ಬರೆದದ್ದು ಒಂದು ಕೋರಿಕೆಗಾಗಿ. ಆ ಸಣ್ಣ ಪೆಟ್ಟಿಗೆ ನಿಮ್ಮ ಕಾಲದ್ದು. ಯಾರೋ ಅದನ್ನು ಕೊಂಡು, ಮೇಲೆ ಏನೂ ಹೇರದೆ, ಬದಲಿಗೆಂದಿದ್ದ ವಾಲ್ವುಗಳನ್ನು ಹತ್ತಿಯಲ್ಲಿ ಸುತ್ತಿಟ್ಟಿದ್ದರಿಂದ ನನ್ನವರೆಗೆ ಬಂತು. ಆ ಯಾರೋ ನೀವೇ ಇರಬಹುದು, ಈ ಗಳಿಗೆಯಲ್ಲಿ ಅಂಗಡಿಯವನು ನಿಮ್ಮ ಕಣ್ಣು ದೊಡ್ಡದರತ್ತ ತಿರುಗಿಸುತ್ತಿರಬಹುದು. ಅವನ ಮಾತು ಪೂರ್ತಿ ಕೇಳಿ, ಚಹಾ ಕೊಟ್ಟರೆ ಕುಡಿಯಿರಿ. ಆಮೇಲೆ ಆರಿಸುವಾಗ, ನನ್ನ ಯಜಮಾನರನ್ನೂ ಲೆಕ್ಕಕ್ಕೆ ಹಿಡಿಯಿರಿ.