ಕಟಪಾಡಿಯಲ್ಲಿ ಕೈ ಎತ್ತಿದವರು

೧೦ ಜೂನ್ ೨೦೦೨, ಸೋಮವಾರ

ಕಾರಿನ ಮಾಡು ತೆಗೆದು ಓಡಾಡುವ ದಿನಗಳು ಮುಗಿದವು. ಬಟ್ಟೆಯ ಮಾಡಿನ ಎಡಮೂಲೆ ಸೋರುತ್ತದೆ. ಹೆಂಡತಿ ಜೆಸಿಂತಾ ಭುಜದ ಮೇಲೆ ಟವೆಲ್ ಹಾಕಿಕೊಂಡು ಕೂರುತ್ತಾಳೆ. ದೂರುವುದಿಲ್ಲ. ಕಾಪುವಿನಿಂದ ಉಡುಪಿ, ಅವಳನ್ನು ಬ್ಯಾಂಕಿನ ಎದುರು ಇಳಿಸುವುದು, ಮಣಿಪಾಲದ ಏರು, ಕಾಲೇಜು, ಹುಡುಗರಿಗೆ ಡ್ರಾಯಿಂಗ್. ಸಂಜೆ ಅದೇ ದಾರಿ, ತಲೆಕೆಳಗಾಗಿ.

ನಲವತ್ತೇಳನೆಯ ವಯಸ್ಸಿನಲ್ಲಿ ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಗೋವಾದಲ್ಲಿ ಕಟ್ಟಿದ್ದು, ಫೈಬರ್ ಬಾಡಿ, ಕೆಂಪು. ಊರು ಬಿಟ್ಟುಹೋದ ಡಾಕ್ಟರೊಬ್ಬರ ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತಿತ್ತು. ಏಕೆ ಕೊಂಡೆ ಎಂದು ಎಲ್ಲರೂ ಕೇಳಿಯಾಯಿತು. ಒಬ್ಬೊಬ್ಬರಿಗೆ ಒಂದೊಂದು ಹೇಳಿದ್ದೇನೆ. ಯಾವುದೂ ಸುಳ್ಳಲ್ಲ... ಯಾವುದೂ ಉತ್ತರವೂ ಅಲ್ಲ.

ಒಂದೇ ತೊಂದರೆ. ಎಕ್ಸ್‌ಪ್ರೆಸ್ ಬಸ್ಸಿನವರಿಗೆ ನಾವು ಕಾಣುವುದಿಲ್ಲ. ನನ್ನ ತಲೆ ಅವರ ಚಕ್ರದ ನಟ್ಟಿನ ಎತ್ತರಕ್ಕೆ ಬರುತ್ತದೆ.

೧೫ ಜೂನ್, ಶನಿವಾರ

ಕಾರ್ಕಳ. ಬೆಂಜಮಿನ್‌ನ ಗ್ಯಾರೇಜು. ಜೆಸಿಂತಾಳ ದೊಡ್ಡಪ್ಪನ ಮಗ. ಹಿಂದೆ ರ‍್ಯಾಲಿಗಳಿಗೆ ಹೋಗುತ್ತಿದ್ದ. ಕಾರನ್ನು ಸ್ವಲ್ಪ ಚುರುಕು ಮಾಡಿಸಬೇಕು, ಎಲ್ಲಿಂದ ಶುರು ಎಂದು ಕೇಳಿದೆ. ಅವನು ಗೋಣಿಯಲ್ಲಿ ಸುತ್ತಿಟ್ಟ ಎರಡು ಕಾರ್ಬುರೇಟರ್ ತೋರಿಸಿದ. ಹಳೆಯ ರ‍್ಯಾಲಿ ಕಾರಿನವು. ಹೊಳೆಯುತ್ತಿದ್ದವು.

"ಇದು ಕೂರಿಸಿದ್ರೆ ಭಾವ, ಎಕ್ಸ್‌ಪ್ರೆಸ್ಸು ಇನ್ನು ನಿಮ್ಮ ಕನ್ನಡಿಯಲ್ಲಿ ಮಾತ್ರ ಕಾಣುವುದು. ಆದ್ರೆ ಅದಕ್ಕೆ ಸಮಯ ಬೇಕು. ಇವತ್ತಿಗೆ ಹಾರ್ನ್ ಹಾಕುವ."

"ಹಾರ್ನ್ ಎಂತಕ್ಕೆ?"

"ಕಾಣದವ ಕೇಳಬೇಕಲ್ಲ ಮಾರಾಯ್ರೆ."

ತರ್ಕ ಸರಿ ಅನ್ನಿಸಿತು. ಎಕ್ಸ್‌ಪ್ರೆಸ್ ಬಸ್ಸಿನದೇ ಹಾರ್ನ್. ಬಾನೆಟ್ಟಿನ ಒಳಗೆ ಅರ್ಧ ಜಾಗ ಅದಕ್ಕೇ ಹೋಯಿತು.

೧೮ ಜೂನ್, ಮಂಗಳವಾರ

ಲಾರಿಗಳು ದಾರಿ ಬಿಡುತ್ತವೆ. ಬಿಟ್ಟ ಮೇಲೆ ಡ್ರೈವರುಗಳು ಕಿಟಕಿಯಿಂದ ಬಗ್ಗಿ ನೋಡುತ್ತಾರೆ, ಬಸ್ಸು ಎಲ್ಲಿ ಎಂದು. ಸಣ್ಣ ಸಂತೋಷ. ಮುಖದಲ್ಲಿ ತೋರಿಸಲಿಲ್ಲ. ಜೆಸಿಂತಾ ಕಿಟಕಿಯ ಕಡೆ ತಿರುಗಿ ನಕ್ಕಳು.

ಪಕ್ಕದ ಮನೆಯ ರಾಝಿಕ್ ದುಬೈಯಿಂದ ರಜೆಯಲ್ಲಿ ಬಂದಿದ್ದಾನೆ. ಕಾರಿನ ಸುತ್ತ ಒಂದು ಪ್ರದಕ್ಷಿಣೆ. "ಸರ್, ಸಾಕು ಅನ್ನಿಸಿದ ದಿನ ಬೇರೆ ಯಾರಿಗೂ ಹೇಳಬೇಡಿ. ನನಗೆ ಹೇಳಿ."

೨೧ ಜೂನ್, ಶುಕ್ರವಾರ. ಸಂಜೆ

ಬರೆಯಬೇಕೋ ಬೇಡವೋ.

ಬೆಳಿಗ್ಗೆ ಮಳೆ. ಕಟಪಾಡಿ ಪೇಟೆಗೆ ಮೊದಲು ಹಾರ್ನ್ ಒತ್ತಿದೆ. ಅಷ್ಟು ಬೇಗ ಅಭ್ಯಾಸವಾಗಿತ್ತು. ಇಲ್ಲಿಯ ಜನ ಬಸ್ಸನ್ನು ನೋಡಿ ಏಳುವುದಿಲ್ಲ, ಕೇಳಿ ಏಳುತ್ತಾರೆ. ಎಕ್ಸ್‌ಪ್ರೆಸ್ ಪೂರ್ತಿ ನಿಲ್ಲುವುದೇ ಇಲ್ಲ; ಅದು ಬರುವ ಮೊದಲೇ ಡಾಮರಿಗೆ ಇಳಿದು ಕೈ ಎತ್ತಿರಬೇಕು. ನನಗೆ ಗೊತ್ತಿಲ್ಲದ್ದೇ? ನಾನೂ ಹಾಗೆ ಕೈ ಎತ್ತಿಯೇ ಬೆಳೆದವನು. ಕೊಡೆಗಳು ಅಲುಗಿದವು. ಚೀಲಗಳು ಎದ್ದವು. ಇಡೀ ಸ್ಟಾಪು ರಸ್ತೆಗೆ ಇಳಿಯಿತು.

ಬ್ರೇಕ್ ಒತ್ತಿದೆ. ಚಕ್ರಗಳು ನಿಂತವು, ಕಾರು ನಿಲ್ಲಲಿಲ್ಲ. ನೀರಿನ ಮೇಲೆ ಅಡ್ಡಕ್ಕೆ ಜಾರಿತು. ಜೆಸಿಂತಾ ಡ್ಯಾಶ್‌ಬೋರ್ಡಿನ ಮೇಲೆ ಎರಡೂ ಅಂಗೈ ಊರಿದಳು. ಕಾರು ನಿಂತಾಗ ಎದುರಿಗೆ ರುಕಿಯಮ್ಮ—ರಾಝಿಕ್‌ನ ತಾಯಿ, ಮಗಳ ಮನೆಯಿಂದ ಹೊರಟವರು. ಅವರಿಗೂ ಬಂಪರಿಗೂ ನಡುವೆ ಮಡಚಿದ ಕೊಡೆಯಷ್ಟು ಜಾಗ. ಎತ್ತಿದ ಕೈ ಇನ್ನೂ ಇಳಿದಿರಲಿಲ್ಲ.

"ಬಸ್ಸು ಅಂತ ಮಾಡಿದೆ ಮೋನೆ," ಎಂದರು, ಮಗನನ್ನು ಕರೆಯುವ ಹಾಗೆ. ಸ್ವಲ್ಪ ಹೊತ್ತು ಕಾರನ್ನು ನೋಡಿ, "ಇದೆಂತ, ಬಸ್ಸಿನ ಮರಿಯಾ?"

ಜನ ನಕ್ಕರು. ನಾನೂ ನಗಲು ನೋಡಿದೆ. ಹಿಂದಿನಿಂದ ನಿಜವಾದ ಬಸ್ಸು ಬಂತು, ಅದೇ ದನಿಯಲ್ಲಿ. ಜೆಸಿಂತಾ ಇಳಿದು, ರುಕಿಯಮ್ಮನ ಮೊಣಕೈ ಹಿಡಿದು ಹತ್ತಿಸಿ, ತಾನೂ ಹತ್ತಿದಳು.

ಮನೆಗೂ ಬಸ್ಸಿನಲ್ಲೇ ಬಂದಳು. ಚಹಾ ಕುಡಿದು ಮುಗಿಸಿದ ಮೇಲೆ ಮಾತು.

"ಮಾರು ಎಂದು ನಾನು ಹೇಳುವುದಿಲ್ಲ. ಮೊಂತಿ ಫೆಸ್ತ್‌ಗೆ ಅಜೆಕಾರಿಗೆ ಹೋಗಲಿಕ್ಕುಂಟಲ್ಲ?"

"ಉಂಟು."

"ಮಳೆ ಇದ್ದೇ ಇರ್ತದೆ. ನಾನು ವೊರ್ನ್ ಮಾಡಿ, ಪಾತ್ರೆ ತೊಡೆಯ ಮೇಲೆ ಇಟ್ಟುಕೊಂಡು ಕೂರ್ತೇನೆ. ಚೆಲ್ಲದೆ ಅಣ್ಣನ ಮನೆ ಮುಟ್ಟಿದರೆ ಕಾರು ಇರಲಿ. ಚೆಲ್ಲಿದರೆ ರಾಝಿಕ್‌ಗೆ ಕೊಡು. ಅಲ್ಲಿವರೆಗೆ ನನಗೆ ಬಸ್ಸು ಸಾಕು."

ಮೊಂತಿ ಫೆಸ್ತ್ ಅಂದರೆ ಸೆಪ್ಟೆಂಬರ್ ಎಂಟು, ಹೊಸ ತೆನೆಯ ಹಬ್ಬದ ಊಟ. ವೊರ್ನ್ ಅಂದರೆ ಹೆಸರುಬೇಳೆ, ಬೆಲ್ಲ, ತೆಂಗಿನ ಹಾಲಿನ ಪಾಯಸ. ಅವಳ ಕೈಯಲ್ಲಿ ಅದು ತೆಳ್ಳಗಿರುತ್ತದೆ. ಬಹಳ ತೆಳ್ಳಗೆ.

೪ ಜುಲೈ, ಗುರುವಾರ

ಹಾರ್ನ್ ತೆಗೆದೆ. ಸ್ಕ್ರೂಡ್ರೈವರ್ ಹಿಡಿದು ನಾನೇ. ಹಳೆಯ ಸಣ್ಣ ಹಾರ್ನ್ ಮತ್ತೆ ಹಾಕಿದೆ, ನೆಗಡಿ ಬಂದ ಬಾತುಕೋಳಿ.

ಎಡ ಸೀಟು ಖಾಲಿ. ಟವೆಲ್ ಅಲ್ಲೇ ಉಂಟು, ಒದ್ದೆ. ತೆಗೆಯಲಿಲ್ಲ.

೨೦ ಜುಲೈ, ಶನಿವಾರ. ಕಾರ್ಕಳದಿಂದ ಬಂದು

ಇಷ್ಟು ದಿನ ಓದಿದೆ, ಕೇಳಿದೆ, ಕಾರಿನ ಕೆಳಗೆ ಮಲಗಿ ನೋಡಿದೆ. ಟೈರು ಡಾಕ್ಟರ ಶೆಡ್ಡಿನಲ್ಲಿ ನಿಂತು ನಿಂತು ಒಣಗಿದೆ. ಉಗುರು ಒತ್ತಿದರೆ ಗುರುತು ಬೀಳುವುದಿಲ್ಲ. ಬ್ರೇಕ್ ಆಯಿಲ್ ಕಾಫಿಯ ಬಣ್ಣ. ಶಾಕ್ ಅಬ್ಸಾರ್ಬರ್ ಇದೆ ಎಂದು ಹೇಳಬಹುದು, ಅಷ್ಟೇ. ಈ ಸ್ಥಿತಿಯಲ್ಲಿ ವೇಗ ಕೇಳುತ್ತಿದ್ದೆ.

ಬೆಂಜಮಿನ್ ಕಾರ್ಬುರೇಟರ್‌ಗಳನ್ನು ಪೆಟ್ರೋಲಿನಲ್ಲಿ ತೊಳೆದು ಬೆಂಚಿನ ಮೇಲೆ ಇಟ್ಟಿದ್ದ.

"ಮೊದಲು ಟೈರು. ಮೃದು ರಬ್ಬರಿನದು, ಮಳೆಗೆ ಹಿಡಿಯುವಂಥದ್ದು," ಎಂದೆ. "ಆಮೇಲೆ ಬ್ರೇಕ್ ಪ್ಯಾಡು, ಹೊಸ ಹೋಸ್ ಪೈಪು, ಆಯಿಲ್. ಶಾಕ್ ಅಬ್ಸಾರ್ಬರ್."

"ಆಮೇಲೆ ಇದು?"

"ಇಲ್ಲ. ಇದು ಬೇಡ."

"ಭಾವ, ಓಡದ ಕಾರಿಗೆ ಬ್ರೇಕು ಎಂತಕ್ಕೆ? ಮನೆಯಲ್ಲಿ ನಿಲ್ಲಿಸಿ ಇಡಿ, ಅದಕ್ಕಿಂತ ಒಳ್ಳೆ ಬ್ರೇಕು ಇಲ್ಲ."

ಎಂಜಿನ್ ಸ್ಟಾರ್ಟ್ ಮಾಡಿ, ಬಾಯಿಯಲ್ಲೇ ಆ ಕಾರ್ಬುರೇಟರ್‌ಗಳ ಸದ್ದು ಮಾಡಿ ತೋರಿಸಿದ. ಅದ್ಭುತವಾಗಿ ಮಾಡುತ್ತಾನೆ. ಒಂದು ಕ್ಷಣ ಬಾಯಿಬಿಡುವವನಿದ್ದೆ, ಅದನ್ನೂ ಹಾಕು ಎಂದು. ಹಾಕಿದರೆ ಉಳಿದದ್ದಕ್ಕೆ ಈ ವರ್ಷ ಕೈಯಲ್ಲಿ ಏನೂ ಇರುವುದಿಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಎರಡು ಅಂಗೈಗಳ ಗುರುತು ಇರಲಿಲ್ಲ, ಒರೆಸಿ ಎಷ್ಟೋ ದಿನವಾಗಿತ್ತು. ಆದರೂ ಅಲ್ಲಿಗೇ ನೋಡಿದೆ.

"ಗೋಣಿಯಲ್ಲಿ ಸುತ್ತಿಡು," ಎಂದೆ.

೧೨ ಆಗಸ್ಟ್, ಸೋಮವಾರ

ಸಾಮಾನು ಕೊಯಮತ್ತೂರಿನಿಂದ ಇನ್ನೂ ಬಂದಿಲ್ಲ. ಕಾರು ಬೆಂಜಮಿನ್‌ನ ಹತ್ತಿರ. ನಾನು ಬಸ್ಸಿನಲ್ಲಿ.

ಜೆಸಿಂತಾಳ ಜೊತೆ ಒಂದೇ ಬಸ್ಸು. ಅವಳಿಗೆ ಕಂಡಕ್ಟರ್ ಸೀಟು ಹಿಡಿದಿಡುತ್ತಾನೆ. ಮಲ್ಲಿಗೆ ಮಾರುವ ಹೆಂಗಸು ಅವಳ ತೊಡೆಯ ಮೇಲೆ ಚೀಲ ಇಡುತ್ತಾಳೆ. ನಾನು ಹಿಂದೆ, ಕಂಬಿ ಹಿಡಿದುಕೊಂಡು. "ಯಾರು ಅವರು?" ಎಂದು ಯಾರೋ ಕೇಳಿದರು. "ನನ್ನ ಗಂಡ. ಅವರದ್ದು ಬಸ್ಸು ಕೆಟ್ಟಿದೆ," ಎಂದಳು.

೨೪ ಆಗಸ್ಟ್, ಶನಿವಾರ

ಬಂತು. ಕಾರು ನೋಡಲು ಮೊದಲಿನಂತೆಯೇ. ಟೈರು ಮಾತ್ರ ಕಪ್ಪಗೆ, ಎಣ್ಣೆ ಹಚ್ಚಿದ ಹಾಗೆ. ರಾಝಿಕ್ ಮತ್ತೆ ಸುತ್ತು ಬಂದ.

"ಸರ್, ಸೌಂಡ್ ಇಲ್ಲ, ಪವರ್ ಇಲ್ಲ. ಇಷ್ಟೆಲ್ಲ ನಿಲ್ಲಲಿಕ್ಕೆ ಮಾಡಿಸಿದ್ದಾ?"

"ಹೌದು."

"ಸ್ಪೋರ್ಟ್ಸ್ ಕಾರು ಅಲ್ವಾ?" ಪಾಪ, ನಿಜವಾಗಿ ಬೇಸರಪಟ್ಟ. "ಇರಲಿ. ನನಗೆ ಬಂದ ಮೇಲೆ ನಾನು ಸರಿ ಮಾಡ್ತೇನೆ." ರಜೆ ಉದ್ದ ಮಾಡಿದ್ದಾನಂತೆ. ಫೆಸ್ತ್ ಕಳೆದೇ ಹೋಗುವುದು.

೨೯ ಆಗಸ್ಟ್, ಗುರುವಾರ

ಮಣಿಪಾಲದ ಎಂಡ್ ಪಾಯಿಂಟ್ ರಸ್ತೆ. ಬೆಳಿಗ್ಗೆ, ಮಳೆ, ಯಾರೂ ಇಲ್ಲ. ಎಡ ಸೀಟಿನಲ್ಲಿ ಸಾಂಬಾರಿನ ಪಾತ್ರೆ, ತುಂಬ ನೀರು. ಬ್ರೇಕ್. ಕಾರು ಗೆರೆ ಎಳೆದ ಹಾಗೆ ನೇರ ನಿಂತಿತು. ನೀರೆಲ್ಲ ಸೀಟಿಗೆ.

ತಪ್ಪು ಕಾರಿನದ್ದಲ್ಲ ಈಗ. ಪಾದದ್ದು. ಭಯಪಟ್ಟವನ ಹಾಗೆ ತುಳಿಯುತ್ತೇನೆ, ಆ ಕೈ ಇನ್ನೂ ಎದುರಿಗೆ ಇದೆ ಎಂಬಂತೆ. ಮತ್ತೆ ನೀರು ತುಂಬಿಸಿದೆ. ಮತ್ತೆ. ಪೆಡಲನ್ನು ತುಳಿಯುವುದಲ್ಲ, ಅದಕ್ಕೆ ಮೆಲ್ಲಗೆ ಒರಗಬೇಕು. ಹೊಸ ಪ್ಯಾಡುಗಳು ಅಷ್ಟಕ್ಕೇ ಹಿಡಿಯುತ್ತವೆ. ತಿರುವಿನಲ್ಲಿ ಕಾರು ವಾಲುವುದೂ ನಿಂತಿದೆ. ಕೊನೆಗೆ ನೀರು ಅಂಚಿಗೆ ಬಂದು, ಯೋಚಿಸಿ, ಹಿಂದಕ್ಕೆ ಹೋಯಿತು.

ಕಾಲೇಜಿಗೆ ಒದ್ದೆ ಪ್ಯಾಂಟಿನಲ್ಲಿ ಹೋದೆ. ತರಗತಿಯಲ್ಲಿ ಒಂದು ವೃತ್ತವನ್ನು ಬರಿಗೈಯಲ್ಲಿ ಎಳೆದೆ, ಪೂರ್ತಿ ಕೂಡಿತು.

೮ ಸೆಪ್ಟೆಂಬರ್, ಭಾನುವಾರ. ಅಜೆಕಾರು, ಊಟದ ನಂತರ

ಚರ್ಚಿನಲ್ಲಿ ಪೂಜೆ ಮುಗಿಸಿ ಹೊರಟೆವು. ಕಾಪು, ಶಿರ್ವ, ಬೆಳ್ಮಣ್, ಕಾರ್ಕಳ. ಬಿಡದ ಮಳೆ. ಜೆಸಿಂತಾ ಸೀಟಿನಲ್ಲಿ ಕುಳಿತು, ಭುಜಕ್ಕೆ ಟವೆಲ್, ತೊಡೆಯ ಮೇಲೆ ಪಾತ್ರೆ. ಮುಚ್ಚಳ ಕಟ್ಟಿರಲಿಲ್ಲ, ಬರೀ ಇಟ್ಟಿದ್ದಳು. ಕಟ್ಟು ಎಂದು ನಾನೂ ಹೇಳಲಿಲ್ಲ.

ಕಾರ್ಕಳ ದಾಟಿದ ಮೇಲೆ ಒಂದು ಇಳಿಜಾರು, ಕೆಳಗೆ ತಿರುವು. ತಿರುವಿನಾಚೆ ಇಗರ್ಜಿಯಿಂದ ಬರುವ ಮಕ್ಕಳು, ಹೂವಿನ ಖಾಲಿ ಬುಟ್ಟಿಗಳು. ಗಾಳಿ. ಒಂದು ಕೊಡೆ ರಸ್ತೆಗೆ ಹಾರಿತು. ಅದರ ಹಿಂದೆ ಒಬ್ಬಳು ಪುಟ್ಟ ಹುಡುಗಿ.

ಒರಗಿದೆ.

ಟೈರು ರಸ್ತೆಯನ್ನು ಹಿಡಿದದ್ದು ಬೆನ್ನಿಗೆ ಗೊತ್ತಾಯಿತು. ಜಾರಲಿಲ್ಲ. ಅಡ್ಡ ತಿರುಗಲಿಲ್ಲ. ನೇರ ನಿಂತಿತು, ಹುಡುಗಿಯಿಂದ ಬೇಕಾದಷ್ಟು ದೂರದಲ್ಲಿ, ಮರ್ಯಾದೆಯ ದೂರದಲ್ಲಿ. ಅವಳು ಕೊಡೆ ಹಿಡಿದು, ನಮ್ಮತ್ತ ನೋಡಿ, ದೊಡ್ಡವರ ಹಾಗೆ ಕೈ ಎತ್ತಿದಳು, ನಿಲ್ಲಿ ಎಂದು. ನಾವು ನಿಂತೇ ಇದ್ದೆವು. ದಾಟಿದಳು.

ಮುಚ್ಚಳ ಜಾರಿ ಜೆಸಿಂತಾಳ ಕಾಲ ಬಳಿ ಬಿದ್ದಿತ್ತು. ವೊರ್ನ್ ಅಂಚಿನವರೆಗೆ ಏರಿ ಇಳಿಯುತ್ತಿತ್ತು. ಇಬ್ಬರೂ ಅದನ್ನೇ ನೋಡಿದೆವು. ನಿಂತಿತು. ಅಂಚಿನಲ್ಲಿ ಒಂದು ತೊಟ್ಟು. ಹೊರಗೋ ಒಳಗೋ ಹೇಳುವ ಹಾಗಿಲ್ಲ. ಅವಳು ಹೆಬ್ಬೆರಳಿನಿಂದ ಒರೆಸಿ ಬಾಯಿಗಿಟ್ಟಳು.

"ಬೆಲ್ಲ ಸ್ವಲ್ಪ ಹೆಚ್ಚಾಗಿದೆ," ಎಂದಳು.

ಅಷ್ಟೇ. ಅಜೆಕಾರಿನವರೆಗೆ ನನ್ನ ಕಿವಿಯಲ್ಲಿ ಹಬ್ಬದ ಬ್ಯಾಂಡು.

ಅವಳ ಅಣ್ಣ ಸ್ಟ್ಯಾನಿಸ್ಲಾಸ್ ಬಾಗಿಲಲ್ಲೇ ಕೇಳಿದ, "ಈ ಆಟಿಕೆಯಲ್ಲಿ ಇಷ್ಟು ದೂರ ಹೆದರಿಕೆ ಆಗಲಿಲ್ಲವಾ?" ಅವಳು ಪಾತ್ರೆಯನ್ನು ಅವನ ಕೈಗೆ ಕೊಟ್ಟಳು. "ಪಾತ್ರೆ ನೋಡು. ಆಮೇಲೆ ಮಾತಾಡು." ಊಟಕ್ಕೆ ಬೆಂಜಮಿನ್ ಕೂಡ ಇದ್ದ. ಎಲ್ಲ ಕೇಳಿ, ಎಲೆಯ ಮೇಲಿನ ವೊರ್ನ್ ಕೊನೆಯವರೆಗೂ ಬಳಿದು, "ಬ್ರೇಕು ನಾನೇ ಹಾಕಿದ್ದು," ಎಂದು ಎಲ್ಲರಿಗೂ ಹೇಳಿದ.

೯ ಸೆಪ್ಟೆಂಬರ್, ಸೋಮವಾರ. ಬೆಳಿಗ್ಗೆ

ರಾಝಿಕ್‌ಗೆ ಬೇಲಿಯ ಬಳಿ ಹೇಳಿದೆ, ಕಾರು ಮಾರುವುದಿಲ್ಲ ಎಂದು. "ಗೊತ್ತಾಯ್ತು ಸರ್. ಉಮ್ಮ ನಿನ್ನೆಯೇ ಹೇಳಿದ್ರು, ಆ ಪಾಯಸ ಚೆಲ್ಲುವುದಿಲ್ಲ ಅಂತ." ರುಕಿಯಮ್ಮನಿಗೆ ಈ ಪಂಥ ಹೇಗೆ ಗೊತ್ತು? ಬಸ್ಸಿನಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತಿತ್ತು, ಜೂನ್‌ನಿಂದಲೇ.

ಮಳೆ ಹಾಗೇ ಇದೆ. ಜೆಸಿಂತಾ ಬೇಗ ತಯಾರಾಗಿ ಕೆಳಗಿಳಿದಳು. ಚೀಲ ಬಸ್ಸಿನ ಕಡೆಗಲ್ಲ, ಶೆಡ್ಡಿನ ಕಡೆಗೆ. ಮದುವೆಗೆ ಮೊದಲೇ ಲೈಸೆನ್ಸ್ ತೆಗೆದವಳು, ಅಜೆಕಾರಿನ ಕೆಸರಿನಲ್ಲಿ ಅಪ್ಪನ ಜೀಪಿನಲ್ಲಿ ಕಲಿತು. ಈ ಕಾರನ್ನು ಒಮ್ಮೆಯೂ ಕೇಳಿರಲಿಲ್ಲ. ನಾನೂ ಕೊಟ್ಟಿರಲಿಲ್ಲ.

ಕೆಳಗೆ ಹಾರ್ನ್. ಬಾತುಕೋಳಿ. ಕೊಕ್ಕೆಯಲ್ಲಿ ಕಾರಿನ ಕೀ ಇಲ್ಲ. ಕಿಟಕಿಯಿಂದ ನೋಡಿದೆ. ಟವೆಲ್ ಎಡ ಸೀಟಿನ ಮೇಲೆ ಮಡಚಿ ಇಟ್ಟಿದೆ, ನನ್ನ ಭುಜಕ್ಕೆ. ಅವಳು ಕುಳಿತಿರುವುದು ಬಲಗಡೆ, ಸ್ಟಿಯರಿಂಗಿನ ಹಿಂದೆ. ಮತ್ತೆ ಹಾರ್ನ್; ಬರೆದದ್ದು ಸಾಕು, ಇಳಿಯುತ್ತೇನೆ.