ಅಮ್ಮನ ಹೆಸರು ಕೇಳಲಿಲ್ಲ

ಗುರುಗಳೇ,

ನೀವು ತೀರಿಹೋಗಿ ನಾಲ್ಕು ವರ್ಷವಾಯಿತು. ಸ್ವರಾಜ್ಯ ಬಂದದ್ದನ್ನು ನೋಡಿದಿರಿ, ಓಟು ಬಂದದ್ದನ್ನು ನೋಡಲಿಲ್ಲ. ಮೊನ್ನೆ ಅದೂ ಬಂದು ಹೋಯಿತು. ಹೇಗಾಯಿತು ಎಂದು ನೀವು ಕೇಳದೆ ಬಿಡುವವರಲ್ಲ. ಬರೆಯಲು ಒಳ್ಳೆಯ ಸುದ್ದಿ ಹುಡುಕಿ ಸಾಕಾಗಿದೆ. ಇದ್ದದ್ದನ್ನೇ ಬರೆಯುತ್ತೇನೆ.

ನಾನು ಪರೀಕ್ಷೆ ಪಾಸಾದ ವರ್ಷ ನೆನಪಿದೆಯೆ? ಬಾದನಹಟ್ಟಿಯ ಸೋದರಮಾವ ತಾಲೂಕು ಕಚೇರಿಯಲ್ಲಿ ನನಗೆ ಗುಮಾಸ್ತೆ ಕೆಲಸ ಗೊತ್ತುಮಾಡಿದ್ದ. ಹೊಸ ಕೋಟು ಹಾಕಿಕೊಂಡು ಬಳ್ಳಾರಿಯ ಸತ್ಯನಾರಾಯಣಪೇಟೆಗೆ, ನಿಮ್ಮ ಆಶೀರ್ವಾದಕ್ಕೆ ಬಂದೆ. ನೀವು ಕೋಟನ್ನು ಮೇಲಿಂದ ಕೆಳಗೆ ನೋಡಿ, "ಲೇ, ಕಚೇರ್ಯಾಗ ಕುಂತ್ರ ಹತ್ತು ಮಂದಿ ನಿನಗ ಕೈ ಮುಗೀತಾರ. ಸಾಲ್ಯಾಗ ನಿಂತ್ರ ನೂರು ಮಂದಿ ತಮ್ಮ ಹೆಸರು ತಾವ ಬರೀತಾರ. ಯಾವ್ದು ಬೇಕು ನೋಡ್ಕೊ" ಎಂದಿರಿ. ಕೋಟು ಮಡಿಚಿಟ್ಟು ಹಚ್ಚೊಳ್ಳಿಯ ಸಾಲೆಗೆ ಮಾಸ್ತರನಾಗಿ ಹೋದೆ. ಮಾವ ಎರಡು ವರ್ಷ ಮಾತು ಬಿಟ್ಟ. ಆಗ ನಿಮ್ಮ ಮಾತೆಂದರೆ ವೇದವಾಕ್ಯ. ಈಗ...

ಸಂಜೆ ನಿಮ್ಮ ಮನೆಯ ಕಟ್ಟೆಯ ಮೇಲೆ ನಾವೆಲ್ಲ ಕೂತಿರುತ್ತಿದ್ದೆವು. ಸ್ವರಾಜ್ಯ ಬಂದರೆ ಪ್ರತಿಯೊಬ್ಬರಿಗೂ ಓಟು ಎಂದು ನೀವು ಹೇಳುತ್ತಿದ್ದಿರಿ. ಬಾಗಿಲ ಹಿಂದೆ ನಿಮ್ಮ ಮನೆಯವರು, ನಮಗೆಲ್ಲ ಅಮ್ಮ, ಜೋಳ ಕೇರುತ್ತಿದ್ದರು. ಒಂದು ದಿನ ಒಳಗಿನಿಂದಲೇ, "ನನಗೂ ಐತೇನ್ರಿ?" ಎಂದು ಕೇಳಿದರು. "ಯಾಕಿಲ್ಲ? ಸಾವ್ಕಾರಗೂ ಒಂದ, ನಿನಗೂ ಒಂದ" ಎಂದಿರಿ. ನಾವೆಲ್ಲ ನಕ್ಕೆವು. ಅಮ್ಮನ ಮೊರದ ಸದ್ದು ಸ್ವಲ್ಪ ಹೊತ್ತು ನಿಂತಿತ್ತು. ಆಕೆ ಆ ಮಾತನ್ನು ಗಂಟುಕಟ್ಟಿ ಇಟ್ಟುಕೊಂಡರೆಂದು ನಮಗೆ ಯಾರಿಗೆ ಗೊತ್ತು?

ಓಟಿನ ಪಟ್ಟಿ ಬರೆಯುವ ಕೆಲಸ ಮಾಸ್ತರುಗಳ ಪಾಲಿಗೇ ಬಂತು. ಹಚ್ಚೊಳ್ಳಿಯಲ್ಲಿ ಓಣಿ ಓಣಿ ತಿರುಗಿದೆ. ಹೆಂಗಸರು ಗಂಡನ ಹೆಸರು ಹೇಳುವಂತಿಲ್ಲ, ತಮ್ಮ ಹೆಸರನ್ನು ಪರಗಂಡಸಿನ ಮುಂದೆ ಹೇಳಲು ನಾಚಿಕೆ. "ಇಂಥವರ ಹೇಣ್ತಿ ಅಂತ ಬರ್ಕಳಪ್ಪ, ಮುಗೀತು" ಎಂದು ಬಾಗಿಲು ಮುಚ್ಚುವರು. ಹಾಗೆ ಬರೆದರೆ ಹೊಡೆದುಹಾಕುತ್ತೇವೆಂದು ಮೇಲಿನಿಂದ ಹುಕುಂ ಬಂದಿತ್ತು. ನಾನು ಬಿಡಲಿಲ್ಲ. ಅತ್ತೆಯಿಂದ ಸೊಸೆಯ ಹೆಸರು, ಸೊಸೆಯಿಂದ ಅತ್ತೆಯ ಹೆಸರು ಹೊರಡಿಸಿದೆ. ಗಂಡನ ಹೆಸರು ಸೇರಿಸಿ ಮದುವೆಯಲ್ಲಿ ಹೇಳುವ ಒಡಪನ್ನೇ ಹೇಳಿಸಿ ಅದರಿಂದ ಹೆಕ್ಕಿಕೊಂಡೆ. ನಿಮ್ಮ ಶಿಷ್ಯನೆಂದು ಒಳಗೊಳಗೇ ಹೆಮ್ಮೆಪಟ್ಟೆ.

ಆಮೇಲೆ ನಿಮ್ಮ ಪೇಟೆಯಲ್ಲಿ ಬರೆಯುವವರು ಸಾಲದೆ ನನ್ನನ್ನು ಅಲ್ಲಿಗೂ ಕಳಿಸಿದರು. ನಿಮ್ಮ ಮನೆಗೂ ಹೋದೆ. ಅಮ್ಮ ಚಾಪೆ ಹಾಸಿ ಮಜ್ಜಿಗೆ ಕೊಟ್ಟರು. ಹೆಸರು ಕೇಳಬೇಕು, ಬಾಯಿ ಬರಲಿಲ್ಲ. ಗುರುಪತ್ನಿಗೆ ಹೆಸರೇನೆಂದು ಕೇಳುವುದು ಹೇಗೆ? ನೀವೂ "ಏ, ಕೇಳಿಲ್ಲಿ" ಎನ್ನುತ್ತಿದ್ದಿರೇ ಹೊರತು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿದವನಲ್ಲ. ಮಾಸ್ತರ್ರ ಮನೆ ಯಾರಿಗೆ ಗೊತ್ತಿಲ್ಲ ಎಂದುಕೊಂಡು, ದುಂಡನೆಯ ಅಕ್ಷರದಲ್ಲಿ ನಿಮ್ಮ ಹೆಸರು ಬರೆದು, ಮುಂದೆ 'ಅವರ ಧರ್ಮಪತ್ನಿ' ಎಂದು ಸೇರಿಸಿದೆ. ಅಷ್ಟು ಚೆನ್ನಾಗಿ ಬೇರೆ ಯಾವ ಸಾಲನ್ನೂ ಬರೆದಿರಲಿಲ್ಲ, ಗುರುಗಳೇ.

ಓಟಿನ ದಿನವನ್ನು ನೀವು ನೋಡದೆ ಹೋದದ್ದೇ ಒಳ್ಳೆಯದು ಎನ್ನಿಸುತ್ತದೆ. ನಿಮ್ಮನ್ನು ಜೈಲಿಗೆ ಹಾಕಿದಾಗ ಬಾಗಿಲು ಹಾಕಿಕೊಂಡವರೆಲ್ಲ ಖಾದಿ ಟೋಪಿ ಹಾಕಿಕೊಂಡು ಕೈ ಮುಗಿಯುತ್ತ ನಿಂತಿದ್ದರು. ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ಪೆಟ್ಟಿಗೆ; ಜನ ತಮ್ಮ ಕುಲದ ಹಿರಿಯ ತೋರಿಸಿದ ಪೆಟ್ಟಿಗೆಗೆ ಚೀಟಿ ಹಾಕಿ ಬಂದರು. ಒಬ್ಬ ಮುದುಕ ಪೆಟ್ಟಿಗೆಗೆ ನಮಸ್ಕಾರ ಮಾಡಿ, ಚೀಟಿಯನ್ನು ಅದರ ಮೇಲೇ ಇಟ್ಟು ಹೋದ. ಬಳ್ಳಾರಿ ತೆಲುಗರದೋ ಕನ್ನಡಿಗರದೋ ಎಂಬ ಜಗಳ ಸಾಲಿನಲ್ಲೂ ನಡೆದಿತ್ತು, ಅದೂ ಎರಡೂ ಭಾಷೆ ಬೆರೆಸಿ. ಇಷ್ಟು ವರ್ಷ ನಾವು ಕಲಿಸಿದ್ದು ಯಾರಿಗೆ?

ನಿಮ್ಮ ಪೇಟೆಯಲ್ಲೇ ಪಟ್ಟಿ ನೋಡಿ ಹೆಸರು ಹೇಳುವ ಕೆಲಸ ನನ್ನದು. ಅಮ್ಮ ಟ್ರಂಕಿನಲ್ಲಿಟ್ಟಿದ್ದ ಇಳಕಲ್ ಸೀರೆ ಉಟ್ಟು, ಬೆಳಿಗ್ಗೆಯೇ ಬಂದು ಸಾಲಿನಲ್ಲಿ ನಿಂತಿದ್ದರು. ನನ್ನ ಮುಂದೆ ಬಂದಾಗ ಪಟ್ಟಿಯಲ್ಲಿ ಬೆರಳಾಡಿಸಿದೆ. ನಿಮ್ಮ ಮನೆಯ ನಂಬರೇ ಇರಲಿಲ್ಲ. ಮತ್ತೊಮ್ಮೆ ನೋಡಿದೆ. ನಾನು ಬರೆದ ಆ ಸಾಲನ್ನು ಹುಕುಂ ಪ್ರಕಾರ ಹೊಡೆದುಹಾಕಿದ್ದರು.

"ಇಲ್ಲೇನಪ್ಪಾ?" ಎಂದರು.

"ಇಲ್ರೀ ಅಮ್ಮ."

"ನೀನ ಬರ್ಕಂಡು ಹೋಗಿದ್ದೆಲ್ಲ?"

ಹಿಂದಿನವರು "ಸರೀರಿ, ಮುಂದ ಹೋಗ್ರಿ" ಎಂದರು. ಅಮ್ಮ ಸೆರಗು ಸರಿಮಾಡಿಕೊಂಡು ಹೊರಟುಹೋದರು.

ಮರುದಿನ ಹೋಗಿ ಕಾಲು ಹಿಡಿದು ಅತ್ತುಬಿಟ್ಟೆ. ಅಮ್ಮ ಬೈಯಲಿಲ್ಲ. "ಏಳಪ್ಪಾ. ನಲವತ್ತು ವರ್ಷ ಸಂಸಾರ ಮಾಡಿದೋರು ಒಂದಿನ ಹೆಸರು ಹಿಡಿದು ಕರೀಲಿಲ್ಲ. ನೀ ಹೆಂಗ ಕೇಳ್ತಿದ್ದಿ?" ಎಂದರು. ಆಮೇಲೆ, ಯಾರೋ ನೆಂಟರ ಹೆಸರು ಹೇಳುವಂತೆ, ತಮ್ಮ ಹೆಸರು ಹೇಳಿದರು. ಗೂಡಿನಿಂದ ನಿಮ್ಮ ಪಾಟಿ ತಂದು, "ಹೆಂಗ ಬರೀತಾರ, ತೋರ್ಸು" ಎಂದರು. ಬರೆದುಕೊಟ್ಟೆ. ಊರಿಗೆಲ್ಲ ಅಕ್ಷರ ಕಲಿಸಿದಿರಿ, ಗುರುಗಳೇ. ಅಮ್ಮ ಮೊದಲ ಅಕ್ಷರದ ಮೇಲೆ ಬಳಪ ಇಟ್ಟು ಒಂದು ಸುತ್ತು ತಿದ್ದಿದರು. ಸೆರಗಿನಿಂದ ಪಾಟಿ ಒರೆಸಿ, "ಸಾಕು ಬಿಡು. ಈಗ ಯಾರಿಗೆ ತೋರಿಸ್ಲಿ?" ಎಂದರು.

ಇನ್ನೊಂದು ಓಟಿಗೆ ಐದು ವರ್ಷ ಎನ್ನುತ್ತಾರೆ. ಅಮ್ಮನಿಗೆ ಆಗಲೇ ಒಂದು ಕಣ್ಣಿಗೆ ಪೊರೆ ಬಂದಿದೆ. ಆಕೆ ಇದ್ದರೆ ಆಗ ಹೆಸರು ಹಿಡಿದೇ ಬರೆಯುತ್ತೇನೆ. ನೀವು ಎಂದೂ ಕರೆಯದ ಆ ಹೆಸರು ಹಂಪಮ್ಮ.

ನಿಮ್ಮ ಶಿಷ್ಯ